ಆರು ಸಾವಿರ ಜನರನ್ನು ಕೊಂದ ಲಾಂದ್ರ

ಬೈರಕೂರಿನ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಮೇಷ್ಟ್ರು ಅಂದು ಸಂಧಿಪ್ರಕರಣದ ಪಾಠ ಮಾಡುತ್ತಿದ್ದರು. ಲೋಪಸಂಧಿ ಮುಗಿದಿತ್ತು. ಆಗಮಸಂಧಿಗೆ ಉದಾಹರಣೆ ಕೊಡಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿ, ಜ್ಯೇಷ್ಠಮಾಸದ ಕೊನೆ, ಸೂರ್ಯ ನೆತ್ತಿಯ ಮೇಲಿದ್ದ ಹೊತ್ತು. ಬಂದವರ ಬಲಗೈಯಲ್ಲಿ ಉರಿಯುತ್ತಿರುವ ಲಾಂದ್ರ. ಎಡಗಂಕುಳಲ್ಲಿ ರಟ್ಟು ಕಿತ್ತುಹೋದ ಒಂದು ದಪ್ಪ ಇಂಗ್ಲಿಷ್ ಪುಸ್ತಕ.

"ಸಾರ್, ನಾನು ಜಾನ್ ಪಾಷಾ. ಲಾಂದ್ರ ರಿಪೇರಿ ಮಾಡ್ತೀನಿ. ಇದು ಎಷ್ಟು ಜನರನ್ನ ಕೊಂದದೆ, ಸ್ವಲ್ಪ ನೋಡಿ ಹೇಳಿ."

ಮಕ್ಕಳು ನಕ್ಕರು. ಮೇಷ್ಟ್ರಿಗೆ ನಗು ಬಂದರೂ ಅದನ್ನು ಕೆಮ್ಮಿನಲ್ಲಿ ಅಡಗಿಸಿ, "ಹಗಲು ಹೊತ್ತಿನಲ್ಲಿ ಇದನ್ನು ಉರಿಸಿಕೊಂಡು ಬಂದದ್ದೇಕೆ?" ಎಂದು ಕೇಳಿದರು.

"ಇದರ ನಡತೆ ನಿಮಗೆ ಗೊತ್ತಾಗ್ಲಿ ಅಂತ ಸಾರ್. ಸಂತೆ ಬೀದಿಯಿಂದ ಇಲ್ಲೀವರೆಗೆ ಬಂದಿದೀನಿ. ಒಬ್ಬರಿಗೂ ಏನೂ ಮಾಡಿಲ್ಲ."

ಜಾನ್ ಪಾಷಾ ಸಾಬರು ಆಗ ನಲವತ್ತೈದು ದಾಟಿದ್ದ ಸಣಕಲು ಮೈಯ ಮನುಷ್ಯರು. ಸಂತೆ ಬೀದಿಯ ಬೇವಿನ ಮರದ ಕೆಳಗೆ ತಗಡು, ಕತ್ತರಿ, ಬೆಸುಗೆ ಕಡ್ಡಿ ಹರಡಿಕೊಂಡು ಇಪ್ಪತ್ತು ವರ್ಷ ಕೂತವರು. ಸುತ್ತಿನ ಊರುಗಳಲ್ಲಿ ಅವರ ಕೈ ಸೋಕದ ಲಾಂದ್ರವಿರಲಿಲ್ಲ. ಹೆಂಡತಿ ಶರೀಫುನ್ನೀಸಾ ಮನೆಯಲ್ಲಿ ಬತ್ತಿಗಳನ್ನು ಅಳತೆಗೆ ಕತ್ತರಿಸಿ ಕಟ್ಟುಕಟ್ಟಿ ಕೊಡುತ್ತಿದ್ದರು. ಮುಳಬಾಗಿಲಿನಿಂದ ಹೊಸ ಲಾಂದ್ರಗಳನ್ನು ತಂದು ಮಾರುವುದೂ ಇತ್ತು. ಮಾರುವಾಗ ಅವರದೊಂದು ಮಾತು: "ಹರಿಕೇನು ಲಾಂದ್ರ ಕಣಮ್ಮ. ಹೆಸರಲ್ಲೇ ಹರಿ ಅವ್ನೆ. ದಿನಾ ಸಂಜೆ ಹಚ್ಚಿದ್ರೆ ನಾಮಸ್ಮರಣೆ ತಾನಾಗೇ ಆಯ್ತದೆ." ಈ ಮಾತಿಗೆ ಮರುಳಾಗಿ ಒಂದಿದ್ದ ಕಡೆ ಎರಡು ಕೊಂಡ ಮನೆಗಳುಂಟು.

ಹೀಗಿರುವಾಗ ಚಿನ್ನದ ಗಣಿಯಲ್ಲಿ ಒಬ್ಬ ಬಿಳಿಯ ದೊರೆಯ ಹತ್ತಿರ ಜವಾನರಾಗಿದ್ದ ನರಸಿಂಹಪ್ಪನವರು ಕೆಲಸ ಬಿಟ್ಟು ಊರಿಗೆ ಬಂದರು. ದೊರೆ ಸ್ವದೇಶಕ್ಕೆ ಹೊರಟಾಗ ಬಿಟ್ಟುಹೋದ ಒಂದು ಪುಸ್ತಕವೂ ಅವರ ಜೊತೆ ಬಂತು. ಅಮೆರಿಕಾ ದೇಶದ ಸಮುದ್ರತೀರದಲ್ಲಿ ಒಂದೇ ರಾತ್ರಿಯಲ್ಲಿ ಹಾಳಾದ ಒಂದು ಊರಿನ ಚರಿತ್ರೆ ಅದು. ಸಾಮಾನ್ಯರು ಓದಲೆಂದು ಕಥೆಯ ಹಾಗೆ ಬರೆದದ್ದು. ಮೊದಲ ಹದಿನೆಂಟು ಪುಟಗಳನ್ನು ದೊರೆಯ ನಾಯಿ ತಿಂದಿತ್ತು.

ನರಸಿಂಹಪ್ಪನವರು ದಿನವೂ ದೀಪ ಹಚ್ಚುವ ಹೊತ್ತಿಗೆ ತಮ್ಮ ಜಗಲಿಯ ಮೇಲೆ ಕೂತು ಊರವರಿಗೆ ಇದನ್ನು ಓದಿ ಹೇಳತೊಡಗಿದರು. ಅವರ ಕ್ರಮ ಹೀಗೆ: ಮೊದಲು ಇಂಗ್ಲಿಷ್ ವಾಕ್ಯವನ್ನು ಗಟ್ಟಿಯಾಗಿ ಓದುವುದು, ಕಣ್ಣು ಮುಚ್ಚುವುದು, ಆಮೇಲೆ ಕನ್ನಡದಲ್ಲಿ ಅರ್ಥ ಹೇಳುವುದು. ಕನ್ನಡ ಸಿಕ್ಕದ ಕಡೆ ತೆಲುಗು. ಎರಡೂ ಸಿಕ್ಕದ ಕಡೆ ಕೆಮ್ಮು. ಕೆಲವು ಪುಟಗಳು ಪೂರ್ತಿಯಾಗಿ ಕೆಮ್ಮಿನಲ್ಲೇ ಮುಗಿಯುತ್ತಿದ್ದವು. ಆದರೂ ಜನ ತಪ್ಪದೆ ಬರುತ್ತಿದ್ದರು.

ಮೊದಲ ನಾಲ್ಕು ದಿನ ಆ ಊರಿನ ಅಂಗಡಿ, ಬೀದಿ, ಹಡಗುಗಳ ವರ್ಣನೆಯಲ್ಲಿ ಕಳೆಯಿತು. ಐದನೆಯ ದಿನ ನರಸಿಂಹಪ್ಪನವರು ಒಂದು ಶಬ್ದದ ಮೇಲೆ ಬೆರಳಿಟ್ಟು ಹಿಗ್ಗಿದರು. ಇಡೀ ಪುಸ್ತಕದಲ್ಲಿ ಅವರಿಗೆ ಯಾವ ಅನುಮಾನವೂ ಇಲ್ಲದೆ ತಿಳಿದ ಶಬ್ದ ಅದೊಂದೇ.

"ಹರಿಕೇನು ಸಮುದ್ರದ ಮೇಲಿಂದ ಊರಿನ ಕಡೆ ಹೊರಡ್ತು," ಎಂದು ಅರ್ಥ ಹೇಳಿದರು.

"ಯಾರು ಹಿಡ್ಕೊಂಡಿದ್ರು?" ಎಂದು ಗಂಗುಲಪ್ಪ ಕೇಳಿದ. ಅವನು ತರಕಾರಿ ಬೆಳೆಯುವ ರೈತ. ಮುಂದಿನ ಸಾಲು ಬಿಟ್ಟು ಕೂತವನಲ್ಲ.

"ಯಾರೂ ಹಿಡ್ಕೊಂಡಿಲ್ಲ. ತಾನೇ ಹೊರಡ್ತು. ಗಂಟೆಗೆ ನೂರು ಮೈಲಿ."

"ಬಸ್ಸಿಗಿಂತ ಜೋರಾ?"

"ಬಸ್ಸು ಯಾವ ಲೆಕ್ಕ ಕಣ್ಲಾ. ಕೇಳು. ಅದಕ್ಕೆ ಒಂದು ಕಣ್ಣು ಇರ್ತದಂತೆ. ನಡುಮಧ್ಯದಾಗೆ."

ಎಲ್ಲರೂ ಜಗಲಿಯ ಮೇಲೆ ಉರಿಯುತ್ತಿದ್ದ ಲಾಂದ್ರದ ಕಡೆ ನೋಡಿದರು. ನಡುಮಧ್ಯದಲ್ಲಿ ಅದು ಕೆಂಪಗೆ ಮಿನುಗುತ್ತಿತ್ತು.

"ಒಂದೇ ರಾತ್ರಿಗೆ ಆರು ಸಾವಿರ ಜನಾನ ಮುಗಿಸ್ತು," ಎಂದರು ನರಸಿಂಹಪ್ಪನವರು. ಹೇಳಿದ ಮೇಲೆ ತಾವೂ ಸ್ವಲ್ಪ ಪಕ್ಕಕ್ಕೆ ಸರಿದರು.

"ನಾಯ್ನಾ, ಅಪ್ಪಾ," ಎಂದ ಗಂಗುಲಪ್ಪ, "ನಮ್ಮನೇಲಿ ಅವು ಎರಡವೆ."

ಸಂಜೆಯ ನಮಾಜು ಮುಗಿಸಿ ಜಾನ್ ಪಾಷಾ ಸಾಬರು ಅಲ್ಲಿಗೆ ಬಂದಾಗ ಕಂಡದ್ದು ಇಷ್ಟು: ಜಗಲಿಯ ನಡುವೆ ಒಂಟಿಯಾಗಿ ಉರಿಯುತ್ತಿರುವ ಲಾಂದ್ರ, ಅದರಿಂದ ಹತ್ತು ಮಾರು ದೂರದಲ್ಲಿ ಸುತ್ತುಗಟ್ಟಿ ಕೂತ ಜನ, ಅಷ್ಟು ದೂರಕ್ಕೆ ಬೆಳಕು ಸಾಲದೆ ಪುಸ್ತಕವನ್ನು ಕೈಚಾಚಿ ಹಿಡಿದು ಕಣ್ಣು ಕಿರಿದು ಮಾಡುತ್ತಿರುವ ನರಸಿಂಹಪ್ಪನವರು.

ಮರುದಿನ ಬೆಳಿಗ್ಗೆ ಗಂಗುಲಪ್ಪನ ಹೆಂಡತಿ ವೆಂಕಟರತ್ನಮ್ಮ ಒಂದು ಬಿದಿರಿನ ಕೋಲಿನ ತುದಿಗೆ ಲಾಂದ್ರಗಳೆರಡನ್ನೂ ನೇತುಹಾಕಿಕೊಂಡು ಬೇವಿನ ಮರದ ಹತ್ತಿರ ಬಂದಳು.

"ಪಾಷಣ್ಣ, ತಗೋ. ಇವುನ್ನ ಮನೇಲಿ ಇಟ್ಕೊಳಲ್ಲ."

"ಯಾಕಮ್ಮಾ? ಹೊಗೆ ಬರ್ತದಾ?"

"ಹೊಗೆ ಬಂದಿದ್ರೆ ತಡ್ಕೋತಿದ್ದೆ. ಇದು ಕೊಲೆ ಮಾಡೋ ಜಾತಿಯಂತೆ. ಹರಿ ಅವ್ನೆ ಅಂತ ಹೇಳಿ ಕೊಟ್ಟೆಯಲ್ಲ, ಹರಿ ಹಿಂಗೆ ಮಾಡ್ತಾನಾ?"

ಮಧ್ಯಾಹ್ನದೊಳಗೆ ಮೂವತ್ತೊಂದು ಲಾಂದ್ರಗಳು ಮರದ ಕೆಳಗೆ ಬಂದು ಕೂತವು. ಊರು ಹರಳೆಣ್ಣೆಯ ಹಣತೆಗೆ ಮರಳಿತು. ಒಂದು ವಾರ ಕಳೆದರೂ ರಿಪೇರಿಗೆ ಒಂದು ಬುಡ್ಡಿ ಬರಲಿಲ್ಲ, ಒಂದು ಬತ್ತಿ ಖರ್ಚಾಗಲಿಲ್ಲ. ಶರೀಫುನ್ನೀಸಾ ಕತ್ತರಿಸಿಟ್ಟ ಬತ್ತಿಗಳು ಗೂಡು ತುಂಬಿ ಹೊರಗೆ ಇಣುಕಿದವು.

"ಸುನೋ ಜೀ," ಎಂದರು ಆಕೆ, "ಹಿಂಗೇ ಆದ್ರೆ ನಾವು ಈ ಬತ್ತಿ ಬೇಯಿಸ್ಕೊಂಡು ತಿನ್ಬೇಕು. ಪುಸ್ತಕದಲ್ಲಿರೋದು ಬೇರೆ ಯಾವುದೋ ಇರ್ಬೇಕು. ಹೋಗಿ ನೋಡ್ಕೊಂಡು ಬನ್ನಿ."

ಸಾಬರಿಗೆ ಯಾವ ಲಿಪಿಯೂ ಬರುತ್ತಿರಲಿಲ್ಲ. ಆದರೆ ಲಾಂದ್ರದ ಹೊಟ್ಟೆಯ ಮೇಲೆ ಉಬ್ಬಾಗಿ ಒತ್ತಿದ್ದ ಆ ಹೆಸರನ್ನು ಇಪ್ಪತ್ತು ವರ್ಷ ಉಜ್ಜಿ ಉಜ್ಜಿ, ಕಣ್ಣು ಮುಚ್ಚಿ ಬೆರಳಲ್ಲಿ ಮುಟ್ಟಿದರೂ ಗುರುತು ಹಿಡಿಯುತ್ತಿದ್ದರು. ಲಾಂದ್ರ ಹಿಡಿದು ನರಸಿಂಹಪ್ಪನವರ ಮನೆಗೆ ಹೋದರು. ಪುಸ್ತಕದಲ್ಲಿ ಅಧ್ಯಾಯದ ತಲೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿದ್ದ ಆ ಶಬ್ದದ ಪಕ್ಕಕ್ಕೆ ಲಾಂದ್ರದ ಹೊಟ್ಟೆಯನ್ನು ಹಿಡಿದರು. ಒಂದೊಂದೇ ಅಕ್ಷರ ಹೋಲಿಸಿದರು. ಮೊದಲನೆಯದು ಏಣಿಯ ಹಾಗೆ, ಎರಡನೆಯದು ಲೋಟದ ಹಾಗೆ. ಕೊನೆಯದು ಮೂರು ಹಲ್ಲಿನ ಬಾಚಣಿಗೆ. ನಡುವೆ ಒಂದೇ ಅಕ್ಷರ ಎರಡು ಸಲ. ಒಂಬತ್ತಕ್ಕೆ ಒಂಬತ್ತೂ ಕೂಡಿದವು.

"ಇದೇ," ಎಂದರು ಸಾಬರು, ಮೆಲ್ಲಗೆ.

"ನಾನು ಸುಳ್ಳು ಓದ್ತೀನಾ ಪಾಷಾ?" ಎಂದರು ನರಸಿಂಹಪ್ಪನವರು, ನೊಂದುಕೊಂಡು.

ಶರೀಫುನ್ನೀಸಾಗೂ ತೋರಿಸುತ್ತೇನೆಂದು ಒಂದು ಮಧ್ಯಾಹ್ನದ ಮಟ್ಟಿಗೆ ಪುಸ್ತಕವನ್ನು ಎರವಲು ಪಡೆದು ಹೊರಟವರು, ದಾರಿಯಲ್ಲಿ ಶಾಲೆಯ ಗಂಟೆ ಕೇಳಿ ಅತ್ತ ತಿರುಗಿದರು.

ಮೇಷ್ಟ್ರು ಎರಡು ಪುಟ ಓದಿದರು. ಈ ಸಲ ನಗುವನ್ನು ತಡೆಯಲು ಕೆಮ್ಮು ಸಾಲಲಿಲ್ಲ. ಕಣ್ಣೊರಸಿಕೊಂಡು ಹೇಳಿದರು: "ಸಾಬರೇ, ಹರಿಕೇನ್ ಎಂದರೆ ಸಮುದ್ರದಲ್ಲಿ ಹುಟ್ಟುವ ಒಂದು ಭಯಂಕರ ಬಿರುಗಾಳಿ. ತುಫಾನು. ಅಂಥ ಗಾಳಿಗೂ ಆರುವುದಿಲ್ಲ ಎಂದು ಜಂಭ ಕೊಚ್ಚಿಕೊಳ್ಳಲು ಲಾಂದ್ರಕ್ಕೆ ಆ ಹೆಸರಿಟ್ಟಿದ್ದಾರೆ. ಜನರನ್ನು ಕೊಂದದ್ದು ಗಾಳಿ. ನಿಮ್ಮ ಲಾಂದ್ರ ನಿರಪರಾಧಿ."

ಸಾಬರು ಲಾಂದ್ರವನ್ನು ಮೇಲೆತ್ತಿ ಅದರ ಮುಖ ನೋಡಿದರು. ಆಮೇಲೆ ಬತ್ತಿ ಇಳಿಸಿ ಆರಿಸಿದರು.

"ನಾನೇ ಸಂಜೆ ಬಂದು ಎಲ್ಲರಿಗೂ ಹೇಳುತ್ತೇನೆ," ಎಂದರು ಮೇಷ್ಟ್ರು.

"ನಕ್ಕೋ ಸಾರ್. ಬೇಡ. ನರಸಿಂಹಪ್ಪನೋರ ಮಾನ ಹೋಯ್ತದೆ. ನನ್ನ ಮಗಳು ಅಮೀನಾ ಬೀ ವೇಲೂರಿಂದ ಬರೆಸೋ ಕಾಗದಾನ ಆರು ವರ್ಷದಿಂದ, ಅವರು ಗಣಿಯಿಂದ ರಜಕ್ಕೆ ಬರ್ತಿದ್ದ ಕಾಲದಿಂದ್ಲೂ, ಅವರೇ ಓದಿ ಹೇಳೋದು. ನಡುವೆ ಕೆಮ್ತಾರೆ, ನಿಜ. ಆದ್ರೆ ಮಗಳು ಅತ್ಲು ಅಂತ ಬರೆದಿದ್ರೂ ಕೆಮ್ಮಿ ದಾಟಿಸ್ಬಿಡ್ತಾರೆ. ಅಂಥೋರ್ನ ನಾಲ್ಕು ಜನರ ಮುಂದೆ ಕೆಳಗೆ ಹಾಕೋದು ನನ್ನಿಂದ ಆಗಲ್ಲ."

"ಹಾಗಾದರೆ ನಿಮ್ಮ ಕೆಲಸ?"

ಸಾಬರು ಬೇವಿನ ಮರದ ಹತ್ತಿರಕ್ಕೆ ಹಿಂದಿರುಗಿದರು. ಮೂವತ್ತೊಂದು ಲಾಂದ್ರಗಳನ್ನು ಒಳಗಿಟ್ಟು, ಗಾಜು ಒರೆಸಿ, ಎಣ್ಣೆ ತುಂಬಿ ಕಾದರು. ಯಾವುದಕ್ಕೆ ಕಾಯುತ್ತಿದ್ದೇನೆಂಬುದು ಅವರಿಗೇ ತಿಳಿಯದು.

ಆಷಾಢ ಬಂತು. ಅದರ ಜೊತೆಗೇ ಗಾಳಿಯೂ ಬಂತು. ಆ ಸೀಮೆಯ ಆಷಾಢದ ಗಾಳಿ ಕುರುಡುಮಲೆಯ ಕಡೆಯಿಂದ ಹೊರಟರೆ ನಡುವೆ ಎಲ್ಲೂ ದಣಿವಾರಿಸಿಕೊಳ್ಳುವುದಿಲ್ಲ. ನರಸಿಂಹಪ್ಪನವರ ಪುಸ್ತಕವೂ ಆಗಲೇ ತುದಿಗೆ ಬಂದಿತ್ತು. ನೀರು ಊರೊಳಗೆ ನುಗ್ಗಿದೆ; ಒಬ್ಬ ಮುದುಕಿ ತನ್ನ ಹಸುವಿನ ಜೊತೆ ಮನೆಯ ಮಾಡಿನ ಮೇಲೆ ಹತ್ತಿದ್ದಾಳೆ; ಮಾಡು ಕಿತ್ತು ತೇಲುತ್ತಿದೆ. ಅಷ್ಟರಲ್ಲಿ ಹಣತೆ ಆರಿತು. ಮತ್ತೆ ಹಚ್ಚಿದರು. "ಆಗ ಆ ಮುದುಕಿ" ಎನ್ನುವಷ್ಟರಲ್ಲಿ ಮತ್ತೆ ಆರಿತು. ಒಬ್ಬರು ಪಂಚೆ ಅಡ್ಡ ಹಿಡಿದರೆ ಪಂಚೆ ಹಾರಿತು. ಮಡಕೆಯೊಳಗೆ ಹಣತೆ ಇಟ್ಟರೆ ಮಡಕೆಯೊಳಗೆ ಮಾತ್ರ ಬೆಳಕಾಯಿತು. ಹಗಲಲ್ಲಿ ಓದೋಣವೆಂದರೆ ಎಲ್ಲರೂ ಹೊಲದಲ್ಲಿ. ಮೂರು ಸಂಜೆ ಮುದುಕಿಯೂ ಹಸುವೂ ಮಾಡಿನ ಮೇಲೆಯೇ ಉಳಿದರು.

ಮೂರನೆಯ ಸಂಜೆ ಗಂಗುಲಪ್ಪ ಎದ್ದು ನಿಂತ. "ನಂಗೆ ನಿದ್ದೆ ಬರ್ತಿಲ್ಲ. ಕಣ್ಣು ಮುಚ್ಚಿದ್ರೆ ಆ ಹಸು ಅಂಬಾ ಅಂತದೆ. ಪಾಷಣ್ಣನ್ನ ಕರೀರಿ, ಆ ಕೊಲೆಗಡುಕ ಲಾಂದ್ರಾನೇ ತರ್ಲಿ. ಸತ್ರೆ ಕಥೆ ಕೇಳಿ ಸಾಯ್ತೀನಿ."

ಸಾಬರು ಲಾಂದ್ರ ತಂದು ಜಗಲಿಯ ಮೇಲಿಟ್ಟರು. ಗಾಳಿ ಬೀಸಿತು. ನರಸಿಂಹಪ್ಪನವರ ಪೇಟ ಬಿಚ್ಚಿ ಬೀದಿಯ ತುದಿಗೆ ಹೋಯಿತು. ಲಾಂದ್ರದ ಜ್ವಾಲೆ ಗಾಜಿನೊಳಗೆ ನೆಟ್ಟಗೆ ನಿಂತಿತ್ತು. ಒಂದು ಸಲವೂ ತಲೆ ಬಾಗಿಸಲಿಲ್ಲ.

"ಇದು ನಮ್ಮನ್ನೇನೂ ಮಾಡಲ್ವಾ?" ಎಂದಳು ವೆಂಕಟರತ್ನಮ್ಮ, ಕಂಬದ ಹಿಂದಿನಿಂದ.

"ಅಮ್ಮಾ," ಎಂದರು ಸಾಬರು, "ನಮ್ಮೂರಾಗೆ ಇಬ್ರು ಮುನಿರಾಮಪ್ಪ ಅವ್ರೆ. ಮೇಲಿನ ಬೀದಿ ಮುನಿರಾಮಪ್ಪ ಕೋಳಿ ಕದ್ದ. ಅದಕ್ಕೆ ಕೆಳಗಿನ ಬೀದಿ ಮುನಿರಾಮಪ್ಪನ್ನ ಹೊಡೆಯೋದು ನ್ಯಾಯನಾ?"

"ಹೊಡೆದ್ರಲ್ಲ," ಎಂದ ಕೆಳಗಿನ ಬೀದಿ ಮುನಿರಾಮಪ್ಪ, ಹಿಂದಿನ ಸಾಲಿನಿಂದ.

"ತಪ್ಪಲ್ವಾ ಮತ್ತೆ? ಹಂಗೇ ಹರಿಕೇನೂ ಇಬ್ರು. ಒಬ್ಬ ಗಾಳಿ, ಇನ್ನೊಬ್ಬ ದೀಪ. ಜನಾನ ಕೊಂದೋನು ಗಾಳಿ. ಇವನು ಅವನ ಎದುರು ನಿಂತೋನು. ಪುಸ್ತಕದ ಮೊದಲ್ನೇ ಹದಿನೆಂಟು ಪುಟದಾಗೆ ಇದೆಲ್ಲ ಬರೆದಿತ್ತಂತೆ. ದೊರೆ ನಾಯಿ ತಿಂದ್ಬಿಟ್ರೆ ನಮ್ಮ ನರಸಿಂಹಪ್ಪನೋರು ಏನು ಮಾಡ್ತಾರೆ?"

ಎಲ್ಲರೂ ನರಸಿಂಹಪ್ಪನವರ ಮುಖ ನೋಡಿದರು. ಅವರು ಪುಸ್ತಕವನ್ನು ನೋಡಿದರು, ಸಾಬರನ್ನು ನೋಡಿದರು, ದೀರ್ಘವಾಗಿ ಕೆಮ್ಮಿದರು.

"ನಾಯಿ ಮೇಲೆ ನನಗೆ ಮೊದಲಿಂದ್ಲೂ ಅನುಮಾನ ಇತ್ತು," ಎಂದರು.

ಮುದುಕಿ ಬದುಕಿದಳು. ಹಸುವಿನ ವಿಷಯದಲ್ಲಿ ನರಸಿಂಹಪ್ಪನವರು ಒಂದು ಸಲ ಕೆಮ್ಮಿ, ಅದೂ ಬದುಕಿತೆಂದು ಹೇಳಿದರು. ಮರುದಿನ ಮೂವತ್ತೊಂದು ಲಾಂದ್ರಗಳು ತಮ್ಮ ತಮ್ಮ ಮನೆ ಸೇರಿದವು. ಕೋಲಿನ ತುದಿಯಲ್ಲಿ ಬಂದಿದ್ದ ಎರಡನ್ನು ವೆಂಕಟರತ್ನಮ್ಮ ಸೊಂಟದ ಎರಡೂ ಕಡೆ ಮಕ್ಕಳನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದಳು. ಕೆಳಗಿನ ಬೀದಿ ಮುನಿರಾಮಪ್ಪನೂ ಆ ದಿನ ಹೊಸದೊಂದನ್ನು ಕೊಂಡ. ತನ್ನ ಹಾಗೆಯೇ ಹೆಸರಿನಿಂದ ಏಟು ತಿಂದದ್ದು ಮನೆಯಲ್ಲಿರಲಿ ಎಂದ.

ಹನ್ನೆರಡು ವರ್ಷ ಕಳೆದಿದೆ. ಯುದ್ಧದ ಕಾಲದಲ್ಲಿ ಸೀಮೆಎಣ್ಣೆಗೆ ಬರ ಬಂದು ಹೋಯಿತು. ಮುಳಬಾಗಿಲಿಗೆ ಕರೆಂಟು ಬಂದಿದೆ. ನರಸಿಂಹಪ್ಪನವರು ತೀರಿಕೊಂಡರು; ಪುಸ್ತಕವನ್ನು ಪಾಷಾಗೆ ಕೊಡಬೇಕೆಂದು ಹೇಳಿಹೋಗಿದ್ದರು. ಮೇಷ್ಟ್ರು ನಿವೃತ್ತರಾಗಿ ಮುಳಬಾಗಿಲಿನಲ್ಲಿದ್ದಾರೆ.

ಸಾಬರು ಈಗಲೂ ಬೇವಿನ ಮರದ ಕೆಳಗೆ ಕೂರುತ್ತಾರೆ. ಕೆಲಸ ಕಡಿಮೆ, ಬಿಡುವು ಹೆಚ್ಚು. ಬಿಡುವಿನಲ್ಲಿ ಆ ಪುಸ್ತಕವನ್ನು ಓದುತ್ತಾರೆ. ಓದುವುದೆಂದರೆ, ಲಾಂದ್ರದ ಹೊಟ್ಟೆಯಿಂದ ಕಲಿತ, ಮೇಷ್ಟ್ರು ಸಣ್ಣ ರೂಪದಲ್ಲೂ ತೋರಿಸಿಕೊಟ್ಟ ಎಂಟು ಅಕ್ಷರಗಳಿಂದಲೇ ಆಗುವ ಶಬ್ದಗಳನ್ನು ಪುಟಪುಟದಲ್ಲೂ ಹುಡುಕುವುದು. ಇಂಗ್ಲಿಷಿನ ಮಳೆ ಸಿಕ್ಕಿದೆ, ಅಕ್ಕಿ ಸಿಕ್ಕಿದೆ, ಕುರ್ಚಿ, ಕೋಳಿ ಎಲ್ಲ ಸಿಕ್ಕಿವೆ. ಅವುಗಳ ಅರ್ಥವನ್ನು ಮೇಷ್ಟ್ರ ಬಳಿ ಕೇಳಿ ಖಚಿತ ಮಾಡಿಕೊಳ್ಳುತ್ತಾರೆ.

ಹೋದ ವರ್ಷ ಶರೀಫುನ್ನೀಸಾ, "ನನ್ನ ಹೆಸರು ಬರಲ್ವಾ ಅದ್ರಲ್ಲಿ?" ಎಂದು ಕೇಳಿದರು. ಅಂದಿನಿಂದ ಹೊಸ ಕೆಲಸ ಶುರುವಾಗಿದೆ. ಲಾಂದ್ರದ ಮೇಲೆ ಕಾಗದವಿಟ್ಟು, ದೀಪದ ಮಸಿಯಿಂದ ಉಜ್ಜಿ, ಒಂದೊಂದೇ ಅಕ್ಷರ ಎತ್ತಿಕೊಂಡು ಜೋಡಿಸಿದರು. ಮೇಷ್ಟ್ರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ ಹನ್ನೆರಡು ಅಕ್ಷರಗಳಲ್ಲಿ ಒಂಬತ್ತು ಬಂದವು. ಮೂರು ಕಡೆ ಖಾಲಿ. ಅದರಲ್ಲಿ ಎರಡು ಕಡೆಗೆ ಒಂದೇ ಅಕ್ಷರ ಬೇಕಿತ್ತು. ಅದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಸಿಕ್ಕಿತು. ಇನ್ನುಳಿದದ್ದು ಒಂದೇ, ನಡುವೆ ಬರುವ ಎಫ್.

"ಅದಕ್ಕೇನಂತೆ, ನಾನೇ ಬರೆದುಕೊಡುತ್ತೇನೆ," ಎಂದು ಮೇಷ್ಟ್ರು ಸೀಮೆಸುಣ್ಣ ತೆಗೆದರು.

"ಕೈಬರಹ ಬೇಡ ಸಾರ್. ತಗಡಿನ ಮೇಲೆ ಒತ್ತಿರೋದೇ ಬೇಕು. ಮಿಕ್ಕಿದ್ದೆಲ್ಲ ಒತ್ತಿದ್ದು, ಇದೊಂದು ಮಾತ್ರ ಬರೆದಿದ್ದು ಅಂದ್ರೆ ಆಕೆ ಒಪ್ಪಲ್ಲ."

"ಒತ್ತಿದ ಅಕ್ಷರ ಒಂದು ಸಲ ನಿಮಗೆ ಮೋಸ ಮಾಡಿತಲ್ಲ ಸಾಬರೇ."

"ಅಕ್ಷರ ಮೋಸ ಮಾಡ್ಲಿಲ್ಲ ಸಾರ್. ಮೋಸ ಮಾಡಿದ್ದು ಅರ್ಥ."

ಹೀಗಾಗಿ ಈಗ ಪ್ರತಿ ಗುರುವಾರ ಜಾನ್ ಪಾಷಾ ಸಾಬರು ಬೈರಕೂರಿನಿಂದ ಬಸ್ಸು ಹತ್ತಿ ಮುಳಬಾಗಿಲಿಗೆ ಬರುತ್ತಾರೆ. ಗುಜರಿ ಅಂಗಡಿಗಳ ತಗಡಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಪುಸ್ತಕದ ಪುಟವೊಂದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಕೆಳಗಿನ ಹಲ್ಲು ಮುರಿದ ಬಾಚಣಿಗೆಯಂಥ ಒಂದು ಅಕ್ಷರವನ್ನು ಹುಡುಕುತ್ತಾರೆ.