ರಂಗೂನಿನ ಕಾದಂಬರಿಯೂ ಸುನಂದಮ್ಮನವರ ತಾಳ್ಮೆಯೂ

ಹುಣಸೂರು ಸೀಮೇಲಿ ಹೆಣ್ಮಕ್ಕಳಿಗೆ ಅಕ್ಷರ ಕಲಿಸಿದೋರು ಯಾರು ಅಂತ ಕೇಳಿದ್ರೆ ಹನಗೋಡಿಂದ ಹೆಗ್ಗಡದೇವನಕೋಟೆವರೆಗೂ ಜನ ಒಂದೇ ಹೆಸರು ಹೇಳ್ತಾರೆ, ಹೇಳ್ತಾ ಹೇಳ್ತಾ ತಮ್ಮ ಕಿವೀನೂ ಒಂದ್ಸಲ ಮುಟ್ಟಿ ನೋಡ್ಕೋತಾರೆ. ಯಾಕಂದ್ರೆ ಪೂಜ್ಯ ಸುನಂದಮ್ಮನವರ ಕೈಲಿ ಕಿವಿ ಹಿಂಡಿಸ್ಕೊಳ್ಳದೆ ವಿದ್ಯೆ ಕಲಿತೋರು ಈ ಕಡೆ ಇಲ್ವೇ ಇಲ್ಲ. ಈಗ ನಲವತ್ತೊಂದನೇ ಇಸವೀಲಿ ಅವರು ಹುಣಸೂರು ಹೆಣ್ಮಕ್ಕಳ ಇಸ್ಕೂಲಿನ ಹೆಡ್‌ಮಿಸ್ಟ್ರೆಸ್ ಕುರ್ಚಿ ಬಿಟ್ಟು ಎದ್ದಿದ್ದಾರೆ. ಸನ್ಮಾನ ಮಾಡ್ತೀವಿ ಅಂತ ಹೋದೋರಿಗೆ, "ನನಗ್ಯಾಕ್ರೋ ಹಾರ? ಇಸ್ಕೂಲಿನ ಹೆಂಚು ಸೋರ್ತಾ ಇದೆ, ಮೊದಲು ಅದನ್ನ ನೋಡ್ರೋ" ಅಂತ ಬಯ್ದೇ ಕಳಿಸಿದ್ದಾರೆ.

ಅವರ ದಯೆ ಯಾವಾಗಲೂ ಬಯ್ಗುಳದ ಜೊತೇಲೇ ಬಂದದ್ದು. ಹನಗೋಡಲ್ಲಿ ಮೊದಲ ನೌಕರಿ; ಲಕ್ಷ್ಮಣತೀರ್ಥ ತುಂಬಿ ಹರಿದ್ರೆ ಆಚೆ ದಡದ ಹುಡುಗೀರನ್ನ ತಮ್ಮ ಮನೇಲೇ ಮಲಗಿಸ್ಕೊಂಡು, ಮುದ್ದೆ ಉಣ್ಣಿಸಿ, ತಲೆ ಹೇನು ಹೆಕ್ಕಿ, ಮುಗಿಯೋವರೆಗೂ ಗೊಣಗೋರು. ಕೋಟೆಗೆ ವರ್ಗವಾದ ಮೇಲೆ ಮನೆಮನೆಗೂ ಹೋಗಿ ಮಕ್ಕಳನ್ನ ಎಬ್ಬಿಸಿ ಕರ್ಕೊಂಡು ಬರೋರು. ಅಲ್ಲಿ ಸಣ್ಣಯ್ಯ ಅನ್ನೋ ಒಬ್ಬ ರೈತ, "ಎಣ್ಣಿಗೆ ಓದ್ಯಾಕ್ರವ್ವಾ, ದನ ಕಾಯಾಕಾ?" ಅಂದ. "ದನ ಕಾಯಕ್ಕೆ ನೀನಿದ್ದೀಯಲ್ಲಪ್ಪ, ಮಗಳನ್ನ ಕಳಿಸು" ಅಂದ್ರು. ಕಳಿಸಿದ.

ಅಂಥವರ ತಾಳ್ಮೇನ ಪೂರ್ತಿ ಪರೀಕ್ಷೆ ಮಾಡಿದೋರು ಮಕ್ಕಳಲ್ಲ, ಇನ್ಸ್‌ಪೆಕ್ಟರೂ ಅಲ್ಲ. ಮೂವತ್ತಾರರಲ್ಲಿ ಒಂದು ಕಾದಂಬರಿ ಕೇಳಕ್ಕೆ ಬಂದ ತಾಯಂದಿರು.

ಹುಣಸೂರಲ್ಲಿ ಶನಿವಾರ ಮಧ್ಯಾಹ್ನ ಇಸ್ಕೂಲಿನ ಜಗಲೀಲಿ ಚಾಪೆ ಹಾಸಿ, ಓದಕ್ಕೆ ಬರದ ತಾಯಂದಿರಿಗೆ ಸುನಂದಮ್ಮನವರು ಪುಸ್ತಕ ಓದಿ ಹೇಳೋರು. ಆ ಸಲ ಮೈಸೂರಿಂದ ಹೊಸ ಕಾದಂಬರಿ ತರಿಸಿದ್ರು. ನಮ್ಮ ಕಡೆಯ ಒಬ್ಬ ತಾಯಿ ಮಗಳನ್ನ ಕರ್ಕೊಂಡು ಹಡಗು ಹತ್ತಿ ರಂಗೂನಿಗೆ ಹೋಗ್ತಾಳೆ. ಮಗಳು ಅಲ್ಲಿ ಕಲಿತು ನರ್ಸಾಗಿ ಅಲ್ಲೇ ಇರ್ತೀನಿ ಅಂತಾಳೆ. ತಾಯಿ ಊರಿಗೆ ಹೊರಡು ಅಂತಾಳೆ. ಆ ಕಾದಂಬರಿ ಬಗ್ಗೆ ಓದುಗರ ಅಭಿಪ್ರಾಯ ಬೇಕು ಅಂತ ಒಂದು ಮಾಸಪತ್ರಿಕೆ ಕೇಳಿತ್ತು. ನಮ್ಮ ತಾಯಂದಿರ ಅಭಿಪ್ರಾಯಾನೇ ಕಳಿಸ್ಬೇಕು ಅಂತ ಸುನಂದಮ್ಮನವರಿಗೆ ಬಲು ಆಸೆ.

ಅಭಿಪ್ರಾಯ ಬಂತು. ಸೊಪ್ಪು ಮಾರೋ ಚಿಕ್ಕಸಿದ್ದಮ್ಮ, "ಆ ತಾಯಿ ಅಡಗಲ್ಲಿ ಏನುಂಡ್ಲು ಅಂತ ಬರ್ದೇ ಇಲ್ವಲ್ರವ್ವಾ. ಅಷ್ಟು ದಿನಾನೂ ಉಪಾಸ್ವಾ?" ಅಂದಳು.

"ಅದು ಕತೆ ಕಣಮ್ಮಾ! ಕತೆಯೋರಿಗೆ ಹಸಿವಾಗಲ್ಲ!"

"ಅಸಿವಾಗ್ದೋಳು ಅಳ್ತಾಳ್ಯಾಕೆ ಮತ್ತೆ?"

ಸುನಂದಮ್ಮನವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ್ರು.

ಚಾಪೆ ಮೇಲಿದ್ದೋರೆಲ್ಲ ನಕ್ಕರು. ನಗದೇ ಇದ್ದೋಳು ಚರ್ಮದ ವ್ಯಾಪಾರದ ಮನೆಯ ಜಾನ್ ಬೀ ಒಬ್ಬಳೇ. ಅವಳ ಮಗಳು ಜೀನತುನ್ನೀಸಾ ಸುನಂದಮ್ಮನವರ ಶಿಷ್ಯೆ. ಅಳಿಯ ಹಬೀಬನಿಗೆ ರಂಗೂನಲ್ಲಿ ಮರ ಕೊಯ್ಯೋ ಕಾರ್ಖಾನೇಲಿ ಕೆಲಸ. ಹೆಂಡತೀನ ಕರ್ಕೊಂಡು ಹೋಗಕ್ಕೆ ಬಂದಿದ್ದ. ಕಳಿಸ್ತೀನಿ ಅಂದಿದ್ದ ಜಾನ್ ಬೀ ಈಗ ತಿರುಗಿಬಿದ್ದಳು: ಕಾದಂಬರೀಲಿ ತಾಯಿ ಮಗಳು ಕೊನೇಲಿ ಒಂದಾದ್ರೆ ಕಳಿಸೋದು, ಇಲ್ದಿದ್ರೆ ಇಲ್ಲ.

ಹಬೀಬ ಓಡ್ಕೊಂಡು ಬಂದ. "ಅಮ್ಮಾವ್ರೇ, ಕೊನೇಲಿ ಒಂದಾಯ್ತಾರಾ?"

ಕೊನೆ ಏನು ಅಂತ ಸುನಂದಮ್ಮನವರಿಗೆ ಗೊತ್ತಿತ್ತು. "ಇಲ್ಲಪ್ಪ."

"ಹಂಗಾದ್ರೆ ವಸಿ ಬದಲಾಯಿಸಿ ಓದ್ಬುಡಿ. ಅವರಿಗೇನು ಓದಾಕೆ ಬತ್ತದಾ?"

"ನಿಮ್ಮತ್ತೆಗೋಸ್ಕರ ಬರೆದೋರ ಪುಸ್ತಕ ತಿದ್ದಲೇನೋ? ನಡಿ ಆಚೆ!"

ಬಯ್ದು ಕಳಿಸಿದ್ರೂ ಅವತ್ತು ಊಟ ಸೇರಲಿಲ್ಲ. ತಾವು ಅಕ್ಷರ ಕಲಿಸಿದ ಹುಡುಗಿ ತಾವು ಓದಿದ ಪುಸ್ತಕದಿಂದ ಮನೇಲೇ ಉಳೀಬೇಕಾ?

ಶನಿವಾರ ಬಂತು. ಒಂದಕ್ಷರಾನೂ ತಿದ್ದದೆ ಓದಿದ್ರು. ತಾಯಿ ಹಡಗಲ್ಲಿ, ಮಗಳು ದಡದಲ್ಲಿ. ಯಾರೂ ಕೈ ಬೀಸಲಿಲ್ಲ. ಮುಗೀತು.

"ಅಷ್ಟೇಯಾ? ಪುಟ ಅಂಟ್ಕಂಡಿರ್ಬೇಕು, ಬಿಡಿಸಿ ನೋಡ್ರವ್ವಾ" ಅಂದಳು ಚಿಕ್ಕಸಿದ್ದಮ್ಮ.

ಜಾನ್ ಬೀ ಬುರ್ಖಾ ಸರಿಮಾಡ್ಕೊಂಡು ಎದ್ದಳು. "ಆಯ್ತು. ಗೊತ್ತಾಯ್ತು."

ಚಿಕ್ಕಸಿದ್ದಮ್ಮ ಅವಳ ಬುರ್ಖಾ ಅಂಚು ಜಗ್ಗಿದಳು. "ಕೂತ್ಕೊ ಜಾನ್ ಬೀ. ಪುಸ್ತಕಾನ ಇಂಗೆ ಮಡಚಿಕ್ಕಿ ಏಳಬಾರ್ದು. ನಮ್ಮೂರಲ್ಲಿ ರಾಮಾಯಣ ಮುಗಿದ್ರೂ ಮತ್ತೆ ಮೊದಲ್ನೇದು ವಸಿ ಓದೇ ಏಳೋದು."

ಜಾನ್ ಬೀ ನಿಂತಳು. "ನಮ್ಮಲ್ಲೂ ಅಷ್ಟೇ. ಕುರಾನ್ ಖತಮ್ ಆದ್ಮೇಲೆ ಮತ್ತೆ ಮೊದ್ಲಿಂದ ವಸಿ ಓದಿ ನಿಲ್ಲಿಸೋದು."

"ಇದು ರಾಮಾಯಣಾನೂ ಅಲ್ಲ, ಕುರಾನೂ ಅಲ್ಲ! ಮೈಸೂರಲ್ಲಿ ಯಾರೋ ಕುರ್ಚೀಲಿ ಕೂತು ಬರೆದದ್ದು ಕಣ್ರಮ್ಮಾ!"

"ಯಾರಾದ್ರೂ ಬರೀಲಿ. ನೀವು ಓದಿ."

ಸುನಂದಮ್ಮನವರು ಸಿಡಿಮಿಡಿ ಅಂತ ಮೊದಲ್ನೇ ಪುಟ ತೆಗೆದ್ರು. ಅದರಲ್ಲಿ ಇನ್ನೂ ಊರಿನ ಜಗಲಿ. ತಾಯಿ ಮಗಳಿಗೆ ಜಡೆ ಹಾಕ್ತಾ ರಂಗೂನಲ್ಲಿ ಏನೇನು ಮಾಡ್ಬೇಕು ಅಂತ ಹೇಳ್ತಾನೇ ಇರ್ತಾಳೆ. ಮಗಳು "ಅವ್ವಾ, ನಾನು..." ಅಂತ ಬಾಯಿ ತೆಗೆದಾಗಲೆಲ್ಲ ಜಡೆ ಜಗ್ಗಿ, "ಸುಮ್ಮನೆ ಕೂತ್ಕೊ, ಬೈತಲೆ ಸೊಟ್ಟಗಾಗುತ್ತೆ" ಅಂತಾಳೆ. ಮೊದಲ ಸಲ ಓದಿದಾಗ ತಾಯಂದಿರು ಅದು ಹರಳೆಣ್ಣೆಯೋ ಕೊಬ್ರಿ ಎಣ್ಣೆಯೋ ಅಂತ ಜಗಳ ಆಡಿದ್ರು. ಈ ಸಲ ಎಣ್ಣೆ ಮಾತು ಯಾರಿಗೂ ಬೇಕಾಗಲಿಲ್ಲ.

"ಸಮುದ್ರ ಇನ್ನೂ ಬಂದೇ ಇಲ್ಲ," ಅಂದಳು ಜಾನ್ ಬೀ ನಿಧಾನವಾಗಿ, "ಆಗ್ಲೇ ಬಾಯಿ ಮುಚ್ಚಿಸ್ಬುಟ್ಲಲ್ಲ."

ಕಂಬಕ್ಕೆ ಒರಗಿ ಕೂತಿದ್ದ ಮಗಳ ಕಡೆ ತಿರುಗಿದಳು. "ಬೇಟೀ, ನಿಂಗೆ ಹೋಗಾಕೆ ಮನಸದಾ?"

ಆಗಲೇ ಸುನಂದಮ್ಮನವರಿಗೆ ಹೊಳೆದದ್ದು. ಅದುವರೆಗೂ ಯಾರೂ ಆ ಹುಡುಗೀನ ಕೇಳಿರಲಿಲ್ಲ. ತಾಯಿ ಹಟ ಹಿಡಿದಿದ್ದಳು, ಗಂಡ ಗೋಗರೆದಿದ್ದ, ಗುರುಗಳು ಪುಸ್ತಕ ಕಾಯ್ಕೊಂಡು ಕೂತಿದ್ರು.

"ಮನಸೂ ಅದೆ ಅಮ್ಮಾ, ಭಯಾನೂ ಅದೆ. ಎರಡೂ ಹೇಳಾಕೆ ಬಿಡ್ತೀಯಾ?"

ಜಾನ್ ಬೀ ಮತ್ತೆ ಚಾಪೆ ಮೇಲೆ ಕೂತಳು. "ಹೇಳು."

ಜೀನತುನ್ನೀಸಾ ಹೊರಟಳು, ಜಾನ್ ಬೀ ಮೈಸೂರು ಸ್ಟೇಷನ್‌ವರೆಗೂ ಹೋಗಿ, ರೈಲು ಕಣ್ಮರೆಯಾಗೋವರೆಗೂ ಕೈ ಬೀಸಿದಳು. ಪತ್ರಿಕೆಗೆ ಏನೂ ಹೋಗಲಿಲ್ಲ. "ಇವರ ಅಭಿಪ್ರಾಯ ಬರೆಯಕ್ಕೆ ಹೋದ್ರೆ ಅದೇ ಇನ್ನೊಂದು ಕಾದಂಬರಿ ಆಗುತ್ತೆ" ಅಂತ ಸುನಂದಮ್ಮನವರು ಕೈಚೆಲ್ಲಿದ್ರು. ಆದ್ರೆ ಅವತ್ತಿಂದ ಯಾವ ಪುಸ್ತಕ ಮುಗಿದ್ರೂ, ಗೊಣಗ್ತಾ ಗೊಣಗ್ತಾ, ಮೊದಲ್ನೇ ಪುಟ ಓದೇ ಏಳೋರು.

ಈಗ ಅವರ ನೌಕರಿಯ ಕೊನೇ ಪುಟ ಮುಗಿದಿದೆ. ಜಗಲೀಲಿ ಚಾಪೆ ಹಾಸೇ ಇದೆ, ಚಿಕ್ಕಸಿದ್ದಮ್ಮ ಜಪ್ಪಯ್ಯ ಅಂದ್ರೂ ಏಳ್ತಾ ಇಲ್ಲ. ಪೂಜ್ಯರಿಗೆ ಆಯುಸ್ಸು, ಕಣ್ಣು, ಗಂಟಲು ಮೂರೂ ಗಟ್ಟಿಯಾಗಿರಲಿ. ನಮ್ಮನ್ನೆಲ್ಲ ಬಯ್ಕೊಂಡಾದ್ರೂ ಸರಿ, ಬರೋ ಶನಿವಾರ ಬಂದು ಮತ್ತೆ ಮೊದಲ್ನೇ ಪುಟ ತೆಗೀಲಿ.