ಇಹ್ರಾಮ್ ಉಟ್ಟವನು ಜಗಳಾಡುವಂತಿಲ್ಲ

ಶಹಾಬಾದಿನ ಅಬ್ದುಲ್ ಗನಿ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಭಂಕೂರದ ಕಲ್ಲಿನ ಖಣಿಯಲ್ಲಿ ಬೆಳೆದ ಬಾಯಿ ಅದು. ಸುತ್ತಿಗೆಯ ಸದ್ದಿನ ಮೇಲೆ ಕೇಳಿಸಬೇಕಾದರೆ ಕೂಗಲೇಬೇಕು. ಫರಸಿ ಕಲ್ಲು ಸೀಳಿದ, ಪಾಲಿಶ್ ಮಷಿನ್ ನಡೆಸಿದ, ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯಾಗಿ ಚೀಲ ಹೊತ್ತ. ಎಲ್ಲಿ ಹೋದರೂ ಮೊದಲು ಕೆಲಸ ಕಲಿತ, ಆಮೇಲೆ ಸಂಘ ಕಟ್ಟಿದ, ಕೊನೆಗೆ ಗೇಟಿನ ಹೊರಗೆ ಬಿದ್ದ. ಚಿತ್ತಾಪುರದ ತಹಶೀಲ್ ಕಚೇರಿಯ ಮೆಟ್ಟಿಲಿನಿಂದ ಹಿಡಿದು ವಾಡಿ ಜಂಕ್ಷನ್ನಿನ ಹಳಿಯತನಕ ಅವನು ಧರಣಿ ಕೂರದ ಜಾಗವಿಲ್ಲ. ಪೊಲೀಸರು ಎತ್ತಿ ವ್ಯಾನಿಗೆ ಹಾಕುವಾಗಲೂ ಅವನ ಬಾಯಿ ನಡೆದೇ ಇರುತ್ತಿತ್ತು.

ಅವನು ಜೈಲಿನೊಳಗಿದ್ದಾಗಲೆಲ್ಲ ಬುತ್ತಿ ಒಯ್ದವಳು ಹೆಂಡತಿ ಖುರ್ಷಿದಬೇಗಂ. ಓಣಿಯ ಹೆಂಗಸರ ಲಂಗ, ಕುಪ್ಪಸ ಹೊಲಿದು ಮನೆ ನಡೆಸಿದವಳೂ ಅವಳೇ. ಗಂಡನ ಹೋರಾಟದ ಬಗ್ಗೆ ಅವಳು ಒಳ್ಳೆಯದೂ ಅನ್ನಲಿಲ್ಲ, ಕೆಟ್ಟದ್ದೂ ಅನ್ನಲಿಲ್ಲ. ಅವಳಿಗೆ ಬೇಕಾದದ್ದು ಒಂದೇ: ಸಾಯುವುದರೊಳಗೆ ಒಮ್ಮೆ ಕಾಬಾದ ಮುಂದೆ ನಿಲ್ಲುವುದು. ಗನಿಗೆ ಅಂಥ ಆಸೆಯೇನೂ ಇರಲಿಲ್ಲ. ಅವನದು ಶುಕ್ರವಾರದ ನಮಾಜು, ಅದೂ ಆ ದಿನ ಮೆರವಣಿಗೆ ಇಲ್ಲದಿದ್ದರೆ. ಹೆಂಡತಿ ಉಮ್ರಾಕ್ಕೆ, ಅಂದರೆ ಮಕ್ಕಾದ ಯಾತ್ರೆಗೆ, ಹೊರಟಳು, ಜೊತೆಗೆ ಇವನು ಹೊರಟ. ಅಷ್ಟೇ.

ಗುಂಪು ಕಟ್ಟಿದವನು ಶಹಾಬಾದಿನ ಮುಕ್ರಮ. ಟೂರು ನಡೆಸುವುದು ಅವನ ದಂಧೆ. ಹೈದರಾಬಾದಿನಿಂದ ಹೋಗುವ ಬದಲು ಅಗ್ಗವಾಗುತ್ತದೆಂದು ಅವನು ಹಿಡಿದದ್ದು ದೂರದ ಒಂದು ಸಣ್ಣ ಊರಿನ ವಿಮಾನ ನಿಲ್ದಾಣ. ಅಲ್ಲಿಂದ ವಾರಕ್ಕೆರಡು ಸಲ ಜಿದ್ದಾಕ್ಕೆ ವಿಮಾನ. ಹೊರಡುವ ಮುನ್ನ ಮುಕ್ರಮ ಎಲ್ಲರನ್ನೂ ಕೂರಿಸಿ ಹೇಳಿದ್ದ. ಗಂಡಸರು ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ, ಅಂದರೆ ಇಹ್ರಾಮ್, ನಿಲ್ದಾಣದಲ್ಲೇ ಉಡಬೇಕು. ಆದರೆ ನಿಯ್ಯತ್ತು ಮಾತ್ರ, ಅಂದರೆ ಮನಸ್ಸಿನ ಸಂಕಲ್ಪ, ಆಕಾಶದಲ್ಲಿ ಮಕ್ಕಾ ಯಾತ್ರೆಯ ಗಡಿ ಹತ್ತಿರ ಬಂತೆಂದು ವಿಮಾನದವರು ಹೇಳಿದ ಮೇಲೆ ಕಟ್ಟಬೇಕು. ಒಮ್ಮೆ ಕಟ್ಟಿದರೆ ಉಮ್ರಾ ಮುಗಿಯುವತನಕ ಹೊಲಿದ ಬಟ್ಟೆಯಿಲ್ಲ, ತಲೆಗೆ ಮುಸುಕಿಲ್ಲ, ಅತ್ತರಿಲ್ಲ, ಉಗುರು ತೆಗೆಯುವಂತಿಲ್ಲ. ಯಾರ ಜೊತೆಗೂ ಜಗಳವಿಲ್ಲ.

ಈ ಕೊನೆಯ ಮಾತು ಊರಲ್ಲಿ ಹಬ್ಬಿತು. ಬೀಳ್ಕೊಡಲು ಬಂದ ಹಳೆಯ ಸಂಘದವರು ಅರ್ಧ ಪ್ರೀತಿಗೆ ಬಂದಿದ್ದರು, ಅರ್ಧ ಮಜಾ ನೋಡಲು. ಅವರಲ್ಲಿ ಗೊಲ್ಲಾಳಪ್ಪ ಎಂಬುವವನು, ಗನಿಯ ಜೊತೆ ಲಾಠಿ ತಿಂದವನು, ಎಲ್ಲರಿಗೂ ಕೇಳುವಂತೆ ಅಂದ: “ಜಗಳ ಬಿಟ್ಟರ ಗನಿ ಬದುಕೂದಿಲ್ರಪ. ಮಕ್ಕಾ ಮುಟ್ಟೂದ್ರಾಗ ಡ್ರೈವರ್ ಜೋಡಿ ಗುದ್ದಾಡಿ ಇಳದು ಬರ್ತಾನ.”

ಎಲ್ಲರೂ ನಕ್ಕರು. ಗನಿ ನಗಲಿಲ್ಲ. ಕಾರ್ಖಾನೆಯ ಗೇಟಿನ ಮುಂದೆ ಜನರೆದುರು ಕೈಯೆತ್ತಿ ಹೇಳಿದ್ದನ್ನು ಮುರಿಯಬಾರದು ಎಂಬುದು ಅವನ ಸಂಘದ ಪದ್ಧತಿ. ಒಳಗೆ ಹೋಗಿ ಸ್ನಾನ ಮಾಡಿ ಬಿಳಿ ಬಟ್ಟೆ ಉಟ್ಟು ಬಂದ. ಕೊರಳಿಗೆ ಹಾಕಿದ್ದ ಹಾರ ಕಿತ್ತಿಟ್ಟ. ಓಣಿಯ ನಡುವೆ ನಿಂತು ಘೋಷಣೆ ಕೂಗುವ ದನಿಯಲ್ಲಿ ನಿಯ್ಯತ್ತು ಕಟ್ಟಿಯೇಬಿಟ್ಟ. ಮುಕ್ರಮ ಬೇಡ ಬೇಡ ಎಂದು ಓಡಿ ಬರುವಷ್ಟರಲ್ಲಿ ಮುಗಿದುಹೋಗಿತ್ತು. ಖುರ್ಷಿದಬೇಗಂ ಹಣೆ ಹಣೆ ಬಡಿದುಕೊಂಡಳು.

ವಿಮಾನವೇನೋ ಹತ್ತಿದರು. ಬಾಗಿಲು ಹಾಕಿದರು. ಬೆಲ್ಟು ಬಿಗಿದರು. ಅದು ಅಲ್ಲಾಡಲಿಲ್ಲ. ಮೊದಲು ಯಾವುದೋ ದೀಪ ಹತ್ತುತ್ತಿಲ್ಲ ಎಂದರು, ಆಮೇಲೆ ಎಂಜಿನ್ನಿನ ವಾಲ್ವು ಎಂದರು. ತಂಪು ಗಾಳಿ ನಿಂತಿತು. ಹೊರಗೆ ಬಿಸಿಲಿಗೆ ಕಾದ ಬಯಲು, ಒಳಗೆ ಡಬ್ಬಿಯಲ್ಲಿ ಮುಚ್ಚಿದಂತೆ ಜನ. ವಾಡಿ ಕಡೆಯ ಜನಕ್ಕೆ ರೈಲುಗಾಡಿ ತಡವಾಗುವುದು ಹೊಸದಲ್ಲ. ಆದರೆ ಗಾಡಿ ನಿಂತರೆ ಇಳಿಯಬಹುದು, ಚಹಾ ಕುಡಿಯಬಹುದು, ಹಳಿ ಹಿಡಿದು ಮನೆಗೂ ನಡೆಯಬಹುದು. ಇಲ್ಲಿ ಕಿಟಕಿಯನ್ನೂ ತೆರೆಯುವಂತಿಲ್ಲ. ಮುಖ ಒರೆಸಿಕೊಳ್ಳಲು ಒದ್ದೆ ಕಾಗದ ಹಂಚಿದರು. ಗನಿ ಬಿಚ್ಚಿದ, ಗುಲಾಬಿಯ ವಾಸನೆ ಹೊಡೆಯಿತು, ಕೆಂಡ ಮುಟ್ಟಿದವನಂತೆ ಬಿಸಾಕಿದ. ಬೆವರು ಕಣ್ಣಿಗೆ ಇಳಿಯುತ್ತಿತ್ತು.

ಮುಂದಿನ ಸಾಲಿನಲ್ಲಿ ಕೂತವನು ಸೇಡಂ ಕಡೆಯ ಸಿದ್ದಲಿಂಗೇಶ. ಸಿಮೆಂಟ್ ಕಾರ್ಖಾನೆಗಳಲ್ಲಿ ಫಿಟ್ಟರ್, ಅರಬ್ ದೇಶದ ಒಂದು ಕಾರ್ಖಾನೆಯ ದುರಸ್ತಿಗೆ ಹೊರಟಿದ್ದ. ತಡವಾದರೆ ಕೆಲಸ ಬೇರೆಯವನಿಗೆ. ಅವನು ಎದ್ದು ನಿಂತು ಕನ್ನಡ, ಹಿಂದಿ, ತೆಲುಗು ಮೂರರಲ್ಲೂ ಬೈದ. ಗನಿಯನ್ನು ಅವನು ಹಳೆಯ ಮುಷ್ಕರದಿಂದ ಬಲ್ಲ. ತಿರುಗಿ ನೋಡಿ, “ಕಾಕಾ, ನೀವಾದ್ರೂ ಬಾಯಿ ಬಿಡ್ರಿ. ನಿಮ್ಮ ಒಂದ್ ದನಿಗಿ ಇವ್ರು ಮೂರ್ ವಿಮಾನ ತರ್ತಾರ” ಎಂದ. ಗನಿ ತನ್ನ ಬಿಳಿ ಬಟ್ಟೆ ತೋರಿಸಿದ.

ಸಂಜೆಗೆ ಇಳಿಸಿದರು. ದೊಡ್ಡ ಊರಾಗಿದ್ದರೆ ಬೇರೆ ವಿಮಾನ ಇರುತ್ತಿತ್ತು, ಬಿಡಿಭಾಗ ಇರುತ್ತಿತ್ತು, ಬಿಚ್ಚಿ ನೋಡುವ ಎಂಜಿನಿಯರ್ ಇರುತ್ತಿದ್ದ. ಇಲ್ಲಿ ಮೂರೂ ಇಲ್ಲ. ಭಾಗ ದಿಲ್ಲಿಯಿಂದ ಬರಬೇಕು ಎಂದರು, ಮರುದಿನ ದುಬೈಯಿಂದ ಎಂದರು. ಒಂದು ಹೋಟೆಲಿಗೆ ತುಂಬಿದರು. ಗುಂಪಿನ ಗಂಡಸರೆಲ್ಲ ಇಹ್ರಾಮ್ ಕಳಚಿ ಪ್ಯಾಂಟು, ಪೈಜಾಮ ಏರಿಸಿ ಬಿರಿಯಾನಿ ಹುಡುಕಿಕೊಂಡು ಹೋದರು. ಅವರಿಗೇನು, ನಿಯ್ಯತ್ತು ಕಟ್ಟಿರಲಿಲ್ಲ. ಕಟ್ಟಿದವನು ಇಡೀ ಗುಂಪಿನಲ್ಲಿ ಒಬ್ಬನೇ. ಅವನು ಸಾಬೂನು ಮೂಸಿ ನೋಡಿ ಬರಿ ನೀರಿನಲ್ಲಿ ಮಿಂದ. ತಣ್ಣಗೆ ಕೊರೆಯುವ ಕೋಣೆಯಲ್ಲಿ ತಲೆಗೆ ಮುಸುಕು ಹಾಕದೆ ಮಲಗಿದ. ಸೊಳ್ಳೆ ಹೊಡೆಯಬಹುದೋ ಇಲ್ಲವೋ ಎಂದು ಅನುಮಾನ ಬಂದು ಕಚ್ಚಿಸಿಕೊಂಡ. ಊರಿನ ಮೌಲಾನಾರಿಗೆ ಫೋನು ಮಾಡಿದರೆ, ಮಕ್ಕಾದಲ್ಲಿ ಒಂದು ಕುರಿ ಬಲಿ ಕೊಡಿಸಿ ನಿಯ್ಯತ್ತಿನಿಂದ ಬಿಡುಗಡೆ ಹೊಂದಬಹುದು, ಉಮ್ರಾ ಮಾತ್ರ ಸಾಲವಾಗಿ ತಲೆಯ ಮೇಲೆ ಉಳಿಯುತ್ತದೆ ಎಂದರು. ಹಾಗೆಯೇ ಊರಿಗೆ ತಿರುಗಿದರೆ ಗೊಲ್ಲಾಳಪ್ಪನ ಮುಖ ನೋಡಬೇಕು. ಜೈಲಿನಲ್ಲಿ ಗೋಡೆ ಬೇರೆಯವರದಿರುತ್ತಿತ್ತು, ಬೈಯುತ್ತಿದ್ದ. ಈ ಗೋಡೆ ತಾನೇ ಕಟ್ಟಿಕೊಂಡದ್ದು.

ಖುರ್ಷಿದಬೇಗಂ ವಾಡಿಯ ಹಮೀದಾಬೇಗಂ ಎಂಬ ವಿಧವೆಯ ಜೊತೆ ಕೂತು ತಸ್ಬೀ ಮಣಿ ಎಣಿಸುತ್ತಿದ್ದಳು. ಹಮೀದಾಬೇಗಂ ಗನಿಯ ಸಂಘದ ಗೆಳೆಯನ ಹೆಂಡತಿ. ನಾನಿದ್ದೇನೆ ನಡೆ ಎಂದು ಗನಿಯೇ ಕರೆತಂದಿದ್ದ.

ಕೊನೆಗೆ ಒಂದು ಸುದ್ದಿ ಬಂತು. ಕೆಟ್ಟ ವಿಮಾನ ರಿಪೇರಿಯಾಗುವುದಿಲ್ಲ, ಬದಲಿಗೆ ಬೇರೆಯದು ಬಂದಿದೆ. ಆದರೆ ಅದು ಸಣ್ಣದು, ಎಲ್ಲರಿಗೂ ಜಾಗವಿಲ್ಲ. ನಿಲ್ದಾಣಕ್ಕೆ ಹೋದರೆ ಎಲ್ಲರ ಸಾಮಾನು ತೂಗಿ ಒಳಗೆ ತೆಗೆದಿಟ್ಟರು, ಆಮೇಲೆ ಹತ್ತುವವರ ಹೆಸರು ಕೂಗಿ ಅವರ ಸಾಮಾನಷ್ಟೇ ವಿಮಾನಕ್ಕೆ ಹಾಕಿದರು. ಕೂಗಾಡಿದವರ ಹೆಸರುಗಳು ಮೊದಲು ಬಂದವು. ಸಿದ್ದಲಿಂಗೇಶನಿಗೆ ಸೀಟು ಸಿಕ್ಕಿತು. ಗುಂಪಿನಲ್ಲಿ ಸಿಕ್ಕದ್ದು ಗನಿಯೊಬ್ಬನಿಗೆ. ನಿಯ್ಯತ್ತು ಕಟ್ಟಿ ಸಿಕ್ಕಿಬಿದ್ದ ಮುದುಕ ಒಬ್ಬನಿದ್ದಾನೆ ಎಂದು ಮುಕ್ರಮ ಗೋಗರೆದು ಕೊಡಿಸಿದ್ದ. ಉಳಿದವರು ಮುಂದಿನ ವಿಮಾನಕ್ಕೆ. ಮುಂದಿನದು ಯಾವಾಗ ಎಂದರೆ ಯಾರಿಗೂ ಗೊತ್ತಿಲ್ಲ. ಮಕ್ಕಾದಲ್ಲಿ ಕೋಣೆ ಹಿಡಿದ ದಿನಗಳು ಆಗಲೇ ಸವೆಯುತ್ತಿದ್ದವು. ಬಹುಶಃ ಎಲ್ಲರೂ ಊರಿಗೇ ವಾಪಸು ಎಂದು ಮುಕ್ರಮ ಮುಖ ತಿರುಗಿಸಿ ಹೇಳಿದ.

ಆಸೆಪಟ್ಟವಳು ಇಲ್ಲಿ ಉಳಿಯಬೇಕು, ಜೊತೆಗೆ ಬಂದವನು ಹೋಗಬೇಕು.

ಗನಿ ಕೂಗಲೆಂದೇ ಕೌಂಟರಿಗೆ ಹೋದ. ಕೌಂಟರಿನಲ್ಲಿ ಇದ್ದವಳು ನೀಲಿ ಕೋಟಿನ ಒಬ್ಬ ಹುಡುಗಿ, ಎದೆಯ ಮೇಲೆ ಲುಂಬಿನಿ ಎಂದು ಹೆಸರು. ಊರು ಕೇಳಿದ. ಗುಂಡಗುರ್ತಿ. ನೌಕರಿ ಪರ್ಮನೆಂಟಾ ಎಂದು ಕೇಳಿದ. ಗುತ್ತಿಗೆ ಎಂದಳು. ಕಂಪನಿಯ ದೊಡ್ಡವರು ಯಾರೂ ಆ ಊರಿನಲ್ಲೇ ಇರಲಿಲ್ಲ. ಬೈಸಿಕೊಳ್ಳಲೆಂದೇ ಇಂಥವರನ್ನು ಮುಂದೆ ನಿಲ್ಲಿಸುತ್ತಾರೆ ಎಂಬುದನ್ನು ಗನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕೂಗಿದರೆ ನಿಯ್ಯತ್ತೂ ಕೆಡುತ್ತದೆ, ಬೈಗುಳವೂ ಸಲ್ಲಬೇಕಾದವರಿಗೆ ಸಲ್ಲುವುದಿಲ್ಲ.

“ಹೋಗ್ರಿ ನೀವು,” ಎಂದಳು ಖುರ್ಷಿದಬೇಗಂ. “ಕಟ್ಟಿಕೊಂಡವ್ರು ನೀವು. ನಾ ಕಟ್ಟಿಲ್ಲ. ನಾ ಊರಿಗಿ ಹೋಗ್ತೀನಿ.”

“ನಿಂದ ಉಮ್ರಾ ಇದು.”

“ಇರಲಿ. ಅಲ್ಲಿ ಹೋಗಿ ನನ್ನ ಹೆಸರು ತಗೋರಿ. ಜೈಲಿಗಿ ನಾ ಬುತ್ತಿ ತಂದಂಗ.”

ಅವಳು ನಗಲಿಲ್ಲ, ಅಳಲೂ ಇಲ್ಲ. ಚಪ್ಪಲಿಯ ಉಂಗುಟ ಸರಿಮಾಡಿಕೊಂಡಳು. ಗನಿಗೆ ಅದನ್ನು ನೋಡಲಾಗಲಿಲ್ಲ.

ವಿಮಾನದ ಬಳಿಗೆ ಬಸ್ಸು ಹೊರಡುವ ಬಾಗಿಲ ಹತ್ತಿರ ಹೋದ. ಪಾಸು ತೋರಿಸಿ ದಾಟಬೇಕಿತ್ತು. ದಾಟಲಿಲ್ಲ. ಹೊಸ್ತಿಲ ಮುಂದೆ ನೆಲದ ಮೇಲೆ ಕೂತ. ಯೋಚನೆ ಮಾಡಿ ಕೂತದ್ದಲ್ಲ, ಧರಣಿಯ ರೂಢಿ ಕೂರಿಸಿತು. ಪಾಸನ್ನು ಮುಂದೆ ಇಟ್ಟ. ಜನ ಅವನನ್ನು ಬಳಸಿಕೊಂಡು ಹೋಗಿ ಬಸ್ಸು ಹತ್ತಿದರು. ಎಲ್ಲ ಹತ್ತಿದ ಮೇಲೂ ಅವನು ಅಲ್ಲೇ ಇದ್ದ.

ಲುಂಬಿನಿ ಬಂದು ಏಳಬೇಕೆಂದಳು. ಅವನು, ನನ್ನ ಹೆಂಡತಿ ಇಲ್ಲದೆ ಹತ್ತುವುದಿಲ್ಲ, ಜಗಳವೂ ಆಡುವುದಿಲ್ಲ ಎಂದ. ಅವಳು ವೈರ್‌ಲೆಸ್ಸಿನಲ್ಲಿ ಯಾರಿಗೋ ಹೇಳಿದಳು. ಹತ್ತದವನ ಸಾಮಾನು ವಿಮಾನದ ಹೊಟ್ಟೆಯಲ್ಲಿ ಇರುವಂತಿಲ್ಲ, ಹುಡುಕಿ ಇಳಿಸಬೇಕು. ಅಷ್ಟರಲ್ಲಿ ಪೈಲಟ್ಟಿನ ಡ್ಯೂಟಿ ಮುಗಿಯುತ್ತದೆ, ಮುಗಿದರೆ ಈ ವಿಮಾನವೂ ಇಲ್ಲೇ ನಿಲ್ಲುತ್ತದೆ ಎಂದು ಆ ಕಡೆಯ ದನಿ ಅವಳಿಗೆ ಬೈಯಿತು. ಅದೆಲ್ಲ ಗನಿಯ ಕಿವಿಗೆ ಬಿತ್ತು. ಅವನಿಗೆ ಇಂಥ ನಿಯಮವೊಂದು ಇದೆಯೆಂದೇ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಇನ್ನಷ್ಟು ಗಟ್ಟಿಯಾಗಿ ಕೂತ.

ಲುಂಬಿನಿ ಬಗ್ಗಿ ಮೆಲ್ಲಗೆ ಹೇಳಿದಳು: “ಅಜ್ಜಾ, ಇದು ನನ್ನ ಮ್ಯಾಲ ಬರ್ತದ. ನಾಳಿ ನನಗ ಬರಬ್ಯಾಡ ಅಂತಾರ.”

“ಗೊತ್ತವ್ವಾ,” ಎಂದ ಗನಿ. ಏಳಲಿಲ್ಲ.

ಬಸ್ಸಿನಿಂದ ಸಿದ್ದಲಿಂಗೇಶ ಇಣುಕಿ ಕೂಗಿದ, ಕಾಕಾ ನನ್ನ ಕೆಲಸ ಹೋಗ್ತದ, ಏಳ್ರಿ ಎಂದು. ಅದುವರೆಗೆ ಬಾಯಿ ಬಿಡು ಎಂದು ಹುರಿದುಂಬಿಸಿದವನು ಅವನೇ. ಹಿಂದೆ ವಾಡಿಯಲ್ಲಿ ರೈಲು ನಿಲ್ಲಿಸಿದಾಗ ಬೋಗಿಯೊಳಗಿನ ಜನ ಹೀಗೆಯೇ ಬೈದಿದ್ದರು. ಆಗ ಗನಿಯ ಹಿಂದೆ ನೂರಾರು ಜನ ಇದ್ದರು, ಬೈಗುಳ ಹಂಚಿಹೋಗುತ್ತಿತ್ತು. ಈಗ ಎಲ್ಲವೂ ಒಬ್ಬನಿಗೇ.

ಆಮೇಲೆ ಟೈ ಕಟ್ಟಿದ ಒಬ್ಬ ಗಂಡಸು ಬಂದ, ಕೌಂಟರಿನವರ ಮೇಲ್ವಿಚಾರಕ. ವಾದಕ್ಕೆ ಸಿದ್ಧನಾಗಿ ಬಂದವನಿಗೆ ವಾದಿಸುವವರೇ ಇರಲಿಲ್ಲ. ನೆಲದ ಮೇಲೆ ಬಿಳಿ ಬಟ್ಟೆಯ ಮುದುಕ, ತಲೆ ತಗ್ಗಿಸಿ ಕೂತಿದ್ದ. ಎತ್ತಿ ಹಾಕೋಣವೆಂದರೆ ಸುತ್ತ ಮೊಬೈಲುಗಳು ಎದ್ದಿದ್ದವು. ಅವನು ಲುಂಬಿನಿಯನ್ನು ಎಲ್ಲರೆದುರೇ ದಬಾಯಿಸಿದ. ಅವಳು ತುಟಿ ಕಚ್ಚಿ, ಕಂಪನಿಯ ನೌಕರರೊಬ್ಬರು ಪುಕ್ಕಟೆ ಪಾಸಿನಲ್ಲಿ ಒಳಗೆ ಕೂತಿದ್ದಾರೆ ಸರ್ ಎಂದಳು. ಟೈನವನು ಅವಳನ್ನು ದಿಟ್ಟಿಸಿ ನೋಡಿದ. ಆ ನೋಟದಲ್ಲಿ ಅವಳ ನೌಕರಿ ಮುಗಿದದ್ದು ಗನಿಗೂ ಕಂಡಿತು. ಸ್ವಲ್ಪ ಹೊತ್ತಿಗೆ ಆ ನೌಕರನನ್ನು ಇಳಿಸಿ ಕರೆತಂದರು.

ಒಂದು ಸೀಟು. ಖುರ್ಷಿದಬೇಗಂ ಎದ್ದಳು, ಹಮೀದಾಬೇಗಂ ಕಡೆ ನೋಡಿದಳು, ಮತ್ತೆ ಕೂತಳು. ಹಮೀದಾಬೇಗಂ ಅವಳ ಬೆನ್ನು ನೂಕಿ, “ಹೋಗವಾ, ನನ್ನ ಕಡೀ ನೋಡಬ್ಯಾಡ” ಎಂದಳು. ಎಲ್ಲರೂ ಇಲ್ಲವೇ ಯಾರೂ ಇಲ್ಲ ಎಂದು ಜೀವಮಾನವಿಡೀ ಕೂಗಿದವನು ಗನಿ. ಗೆಳೆಯನ ಹೆಂಡತಿಯ ಮುಖ ನೋಡದೆ ಎದ್ದ, ಪಾಸು ತೆಗೆದುಕೊಂಡ, ಹೆಂಡತಿಯ ಮೊಳಕೈ ಹಿಡಿದು ಬಾಗಿಲು ದಾಟಿದ. ಗಾಜಿನ ಹಿಂದೆ ಗುಂಪು ನಿಂತಿತ್ತು. ಲುಂಬಿನಿಗೆ ಏನಾದರೂ ಹೇಳಬೇಕಿತ್ತು. ಬಸ್ಸು ಹತ್ತಿದ.

ವಿಮಾನದ ಬಾಗಿಲು ಮುಚ್ಚಿತು. ತಂಪು ಗಾಳಿ ಬಂತು, ಹೋಯಿತು, ಮತ್ತೆ ಬಂತು. ಈ ಸಲವೂ ಹೊರಡುವುದಿಲ್ಲವೇನೋ ಎಂದು ಎಲ್ಲರೂ ಉಸಿರು ಹಿಡಿದು ಕೂತರು. ಸಿದ್ದಲಿಂಗೇಶ ಇವರ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಅದು ಮೈ ಕೊಡವಿ ಓಡಿ ನೆಲ ಬಿಟ್ಟಿತು.

ಸಮುದ್ರದ ಮೇಲೆ ಗಂಟೆಗಟ್ಟಲೆ ಹೋದ ಮೇಲೆ ಗಡಿ ಹತ್ತಿರ ಬಂತೆಂದು ಹೇಳಿದರು. ಖುರ್ಷಿದಬೇಗಂ ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿದಳು. ಅವಳ ತುಟಿ ಅಲ್ಲಾಡಿತು. ನಿಯ್ಯತ್ತು ಕಟ್ಟುವುದು ಅಷ್ಟು ಮೆಲ್ಲಗಿನ ಕೆಲಸ ಎಂದು ಗನಿಗೆ ಗೊತ್ತಿರಲಿಲ್ಲ. ಅವಳು ಕಣ್ಣು ತೆರೆಯುವತನಕ ಕಾದು ಕೇಳಿದ:

“ಏ ಖುರ್ಷಿದ, ನಾ ಅಲ್ಲಿ ಕುಂತಿದ್ದು ಜಗಳಾ ಆಗ್ತದೇನು?”

“ಅಲ್ಲಾಗ ಕೇಳ್ರಿ,” ಎಂದಳು. “ಮದಲ ಹಮೀದಾಗ ಕೇಳ್ರಿ, ಆ ಪೋರೀಗಿ ಕೇಳ್ರಿ. ನನಗ್ಯಾಕ ಕೇಳ್ತೀರಿ? ನನಗ ಸೀಟು ಸಿಕ್ತಲ್ಲ.”

ಗನಿ ಬರಿಯ ಭುಜದ ಮೇಲೆ ಬಟ್ಟೆ ಎಳೆದುಕೊಂಡ.