ಗೋಂದಕ್ಕ ಮುಖ ತೋರಿಸಿದ್ದು

ಹದಿನೇಳು ವರ್ಷ ಬೈಂಡಿಂಗ್ ಮಾಡಿದವಳ ಬೆರಳಿಗೆ ಗೋಂದು ಅಂಟದೆ ಇನ್ನೇನು ಅಂಟೀತು? ಪ್ರೆಸ್ಸಿನಲ್ಲಿ ಎಲ್ಲರಿಗೂ ಅವಳು ಗೋಂದಕ್ಕ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಕೈ ಹಿಡಿದೋನು ಹಾಗೇ ಅಂಟ್ಕೊಂಡುಬಿಟ್ರೆ ಬಿಡಿಸೋರ್ಯಾರು?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಪ್ರೆಸ್ಸು ಒಂದು ಧಾರ್ಮಿಕ ಸಂಘದ್ದು. ಅಲ್ಲಿ ಅಚ್ಚಾಗುವುದೆಲ್ಲ ಪ್ರಾರ್ಥನೆಯ ಪುಸ್ತಕಗಳೇ. ನಾನು ಹಾಳೆ ಮಡಿಸುತ್ತಿದ್ದೆ, ಪಕ್ಕದ ಮೇಜಿನಲ್ಲಿ ಅವಳು ಹೊಲಿಯುತ್ತಿದ್ದಳು. ವಾರಕ್ಕೊಮ್ಮೆ ಸಂಘದ ಹಿರಿಯರು ಅದೇ ಪುಸ್ತಕ ಹಿಡಿದು, ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳಿಗೆ ವೇದಿಕೆಯ ಮೇಲಿಂದ ಶಾಪ ಹಾಕುತ್ತಿದ್ದರು. ನಾವೂ ಹೋಗಿ ಕೂರಲೇಬೇಕು. "ಪುಸ್ತಕಾನ ಹಾಗೆ ಮೇಜಿಗೆ ಬಡೀತಾರಲ್ಲ, ಒಂದು ಹಾಳೆಯಾದ್ರೂ ಕಿತ್ತು ಬಂತಾ ನೋಡು. ಅದು ನನ್ನ ಹೊಲಿಗೆ" ಎಂದು ಒಂದು ಸಲ ಗೋಂದಕ್ಕ ನನ್ನ ಕಿವಿಯಲ್ಲಿ ಉಸುರಿದಳು. ನಾನು ಕಿಸಕ್ಕನೆ ನಕ್ಕು ಬೈಸಿಕೊಂಡೆ.

ಫೋನಿನಲ್ಲಿ ಅವಳದೊಂದು ಪೇಜು ಇತ್ತು. ಅದರಲ್ಲಿ ಮುಖವಿಲ್ಲ, ಹೆಸರಿಲ್ಲ. ಹೊಲಿಯುವ ಎರಡು ಕೈ, ಜೊತೆಗೊಂದು ಪಿಸುದನಿ. ನಮ್ಮಂಥ ಹೆಂಗಸರು ಬರೆದು ಕಳಿಸಿದ್ದನ್ನು ಅವರ ಗುರುತು ತೆಗೆದು ಓದಿ ಹೇಳುತ್ತಿದ್ದಳು. ನಮ್ಮಂಥ ಎಂದೆ, ಹೌದು, ನಾನೂ ಬರೆದವಳೇ. ದಿನವಿಡೀ ನೋಡುವ ಕೈ, ನನಗೆ ಗುರುತು ಸಿಗದೆ ಇದ್ದೀತೇ? ಒಂದು ಮಧ್ಯಾಹ್ನ ಊಟ ಬಿಟ್ಟು, ಅವಳ ಪಕ್ಕದಲ್ಲೇ ಕೂತು, ಸುಳ್ಳು ಹೆಸರಿನಲ್ಲಿ ಆ ಪೇಜಿಗೆ ಬರೆದು ನನ್ನ ಸಂಕಟವನ್ನೆಲ್ಲ ತೋಡಿಕೊಂಡೆ. "ಮೊದಲು ಊಟ ಮಾಡು, ಆಮೇಲೆ ಅಳು" ಎಂದು ಉತ್ತರ ಬಂತು. ತಲೆ ಎತ್ತಿ ನೋಡಿದರೆ ಅವಳ ಊಟದ ಡಬ್ಬಿ ನನ್ನ ಮೇಜಿನ ಮೇಲಿತ್ತು. ಆಮೇಲೆ ನನ್ನ ಸ್ವಂತ ಹೆಸರಿನಲ್ಲೇ ಬರೆದೆ. ಬೇರೆಯವರೂ ಹಾಗೇ ಮಾಡಿದ್ದರು. ಅವಳನ್ನು ಅಷ್ಟು ನಂಬಿದ್ದೆವು.

ಹಾಳಾದ್ದು, ಎಡವಟ್ಟಾದದ್ದು ಕಸುಬಿನಿಂದಲೇ. ಹದಿನಾರು ಪುಟ ಮಡಿಸಿದ ಕಟ್ಟಿಗೆ ನಾವು ಫಾರಂ ಎನ್ನುತ್ತೇವೆ. ಹೊಲಿಯುವಾಗ ಕ್ರಮ ತಪ್ಪದಿರಲೆಂದು ಅದರ ಬೆನ್ನಿಗೆ ಪುಸ್ತಕದ ಗುರುತು, ಒಂದು ಅಂಕಿ ಸಣ್ಣದಾಗಿ ಅಚ್ಚಾಗಿರುತ್ತದೆ. ಪುಸ್ತಕವಾದ ಮೇಲೆ ಅದು ಗೋಂದಿನಡಿ ಮುಚ್ಚಿಹೋಗುತ್ತದೆ. ನೋಡಿ ನೋಡಿ ನಮ್ಮ ಕಣ್ಣಿಗೂ ಅದು ಬೀಳುವುದಿಲ್ಲ. ಬಳೆ, ಮೇಜು, ಗೋಡೆ ಎಲ್ಲವನ್ನೂ ಮರೆಮಾಡಿದ ಗೋಂದಕ್ಕ ಅದನ್ನು ಮರೆತಳು. ವಿಡಿಯೋದಲ್ಲಿ ಒಂಬತ್ತನೆಯ ಫಾರಮಿನ ಬೆನ್ನು ಎದ್ದು ಕಾಣುತ್ತಿತ್ತು. ಇನ್ನೂ ಹೊರಗೇ ಬರದ ಹೊಸ ಪುಸ್ತಕದ್ದು. ಅದನ್ನು ಹೊಲಿಯುತ್ತಿದ್ದವಳು ಇಡೀ ಪ್ರೆಸ್ಸಿನಲ್ಲಿ ಅವಳೊಬ್ಬಳೇ. ಆ ಪೇಜಿನ ಮೇಲೆ ಕಣ್ಣಿಟ್ಟಿದ್ದ ನಮ್ಮ ಮ್ಯಾನೇಜರಿಗೆ ಇನ್ನೇನು ಬೇಕು?

ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಮ್ಯಾನೇಜರ ಕೋಣೆಯಿಂದ ಅವಳಿಗೆ ಕರೆ ಬಂತು. "ನೀನೂ ಬಾ, ಸಾಕ್ಷಿಗೆ" ಎಂದು ಗೋಂದಕ್ಕ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಒಳಗೆ ಅವಳ ಅಣ್ಣ ಆಗಲೇ ಬಂದು ಕೂತಿದ್ದ.

"ನೋಡಮ್ಮ, ನಿನ್ನ ಕೆಲಸಕ್ಕೆ ನಾನು ಕೈ ಹಾಕಲ್ಲ, ಮಾತು ಈ ಬಾಗಿಲು ದಾಟಲ್ಲ" ಎಂದರು ಮ್ಯಾನೇಜರು. "ಪೇಜು ಮುಚ್ಚು. ಈ ಊರಿಂದ ಯಾರ್ಯಾರು ಬರೀತಾರೆ, ಆ ಹೆಸರುಗಳನ್ನ ಕೊಡು. ಅವರ ಮನೆಯವರಿಗೆ ನಾವು ತಿಳಿಹೇಳ್ತೀವಿ."

ತಿಳಿಹೇಳುವುದೆಂದರೆ ಏನೆಂದು ನನಗೆ ಗೊತ್ತಿಲ್ಲವೇ? ನನ್ನಪ್ಪನ ಬೆಲ್ಟಿಗೂ ಗೊತ್ತು.

"ಕೊಟ್ಟುಬಿಡೇ" ಎಂದ ಅಣ್ಣ. "ಯಾರದೋ ಮನೆ ಹೆಣ್ಣುಮಕ್ಕಳಿಗಾಗಿ ನಮ್ಮ ಮಾನ ಯಾಕೆ ಕಳೀತೀಯ?"

ಗೋಂದಕ್ಕ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಫೋನು ತೆಗೆದಳು. ಅಣ್ಣನ ಮುಖ ಅರಳಿತು. ಒಂದೊಂದರ ಮೇಲೂ ಬೆರಳು ಒತ್ತುತ್ತಾ ಹೋದಳು, ಒತ್ತುತ್ತಲೇ ಇದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

"ಬರ್ಕೊಳ್ಲಾ?" ಎಂದು ಮ್ಯಾನೇಜರು ಪೆನ್ನು ಹಿಡಿದರು.

"ಏನ್ ಬರ್ಕೋತೀರಿ? ಮೂರು ವರ್ಷದಿಂದ ಅವರು ಬರೆದಿದ್ದು, ಎಲ್ಲಾ ಅಳಿಸಿಬಿಟ್ಟೆ. ಈಗ ನನ್ನ ಹತ್ರಾನೂ ಇಲ್ಲ" ಎಂದು ಫೋನನ್ನು ಅವರ ಮೂಗಿನ ಮುಂದೆ ಹಿಡಿದಳು. "ಪೇಜು ಮಾತ್ರ ಇರುತ್ತೆ. ಕೆಲಸ ಬೇಕಾದ್ರೆ ಇಟ್ಕೊಳ್ಳಿ. ಒಂಬತ್ತು ಫಾರಂ ಆಗಿದೆ, ಮಿಕ್ಕಿದ್ದನ್ನ ನೀವೇ ಹೊಲ್ಕೊಳ್ಳಿ."

"ಮನೆ ಬಾಗಿಲಿಗೆ ಬರಬೇಡ ಇನ್ನು" ಎಂದು ಅಣ್ಣ ಚೀರಿದ.

"ಬಾಗಿಲ ಬೀಗ ನಾನು ತಂದಿದ್ದು ಕಣೋ. ಚೆನ್ನಾಗಿದೆ, ಹಾಕ್ಕೋ" ಎಂದು ಅವಳು ಹೊರಗೆ ಬಂದಳು. ತನ್ನನ್ನು ಎತ್ತಿ ಆಡಿಸಿದ ಅಣ್ಣ ಎಂದೇ ಇಷ್ಟು ವರ್ಷ ಅವನನ್ನು ನಂಬಿದ್ದವಳು.

ಹೊಲಿಗೆಯ ಕೋಣೆಯಲ್ಲಿ ನಮ್ಮ ಜೊತೆ ಕೆಲಸ ಮಾಡುವ ಹನ್ನೆರಡು ಜನ ಕೈ ಕಟ್ಟಿಕೊಂಡು ನಿಂತಿದ್ದರು. ಗೋಂದಕ್ಕ ತನ್ನ ಮೇಜಿನ ಮುಂದೆ ನಿಂತು ಫೋನು ನನ್ನ ಕೈಗಿಟ್ಟಳು. "ಹಿಡ್ಕೋ. ಈ ಸಲ ವಿಡಿಯೋದಲ್ಲಿ ಕೈ ಬೇಡ, ಮುಖ ತೆಗಿ."

ತೆಗೆದೆ. ಅವಳು ತನ್ನ ಹೆಸರು ಹೇಳಿದಳು, ಕಸುಬು ಹೇಳಿದಳು. "ಇಷ್ಟು ದಿನ ಮಾತಾಡ್ತಿದ್ದೋಳು ನಾನೇ. ನಾನು ಹೆಣ್ಣನ್ನ ಪ್ರೀತಿಸೋ ಹೆಣ್ಣು. ನೀವು ಬರೆದಿದ್ದು ಯಾರ ಕೈಗೂ ಸಿಕ್ಕಿಲ್ಲ, ಹೆದರಬೇಡಿ" ಎಂದಳು. ಮ್ಯಾನೇಜರು ಬಾಗಿಲಲ್ಲಿ ನಿಂತು ಏನೋ ಕೂಗುತ್ತಿದ್ದರು. ಯಾರೂ ಅತ್ತ ತಿರುಗಲಿಲ್ಲ.

"ಸಾಕು, ನಿಲ್ಸು" ಎಂದಳು ನನಗೆ. "ನೀನು ನಿನ್ನ ಜಾಗಕ್ಕೆ ಹೋಗಿ ಕೂತ್ಕೋ. ನಿನ್ನ ಹೆಸರು ಯಾರಿಗೂ ಗೊತ್ತಿಲ್ಲ."

ನಾನು ಕೂರಲಿಲ್ಲ. ಫೋನು ಅವಳ ಕೈಗೆ ಕೊಟ್ಟು, ಅವಳು ನಿಂತಿದ್ದ ಜಾಗದಲ್ಲಿ ನಿಂತೆ.

"ಈಗ ನನ್ನದು ತೆಗಿ, ಅಕ್ಕ" ಎಂದೆ.